ಗಣಿತಕ್ಕೆ ಯಜಮಾನರು ಯಾರು?

ಶಾಲೆಗಳು ಪುನಃ ತೆರೆದ ಜೂನ್ ತಿಂಗಳ ಒಂದು ಸಂಜೆ ನಮ್ಮ ಕಾರ್ಯಾಲಯಕ್ಕೆ ಓದುಗ ಬಂಧುಗಳೊಬ್ಬರು ಬಂದರು. ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತರು. ಅವರ ಮಗಳು ಈ ವರ್ಷ ಹತ್ತನೆಯ ತರಗತಿಗೆ ಕಾಲಿರಿಸಿದ್ದಾಳೆ. ಒಂಬತ್ತನೆಯ ತರಗತಿಯಲ್ಲಿ ಭಾಷೆಗಳಲ್ಲಿಯೂ ಇತಿಹಾಸದಲ್ಲಿಯೂ ಒಳ್ಳೆಯ ಅಂಕಗಳನ್ನು ಪಡೆದ ಹುಡುಗಿ ಗಣಿತದಲ್ಲಿ ಮಾತ್ರ ಹೇಗೋ ಪಾರಾಗಿದ್ದಾಳೆ. ಅವಳೊಬ್ಬಳದೇ ಆಗಿದ್ದರೆ ಅವಳನ್ನು ಗದರಿಸಿ ಸುಮ್ಮನಾಗುತ್ತಿದ್ದೆನೆಂದು ಅವರು ಹೇಳಿದರು. ವಿಚಾರಿಸಿ ನೋಡಿದರೆ ತರಗತಿಯ ಬಹುಪಾಲು ಮಕ್ಕಳ ಗತಿಯೂ ಅದೇ ಆಗಿತ್ತು.

ಅರ್ಧ ದಿನದ ರಜೆ ಹಾಕಿ ಅವರು ಶಾಲೆಗೆ ಹೋದರು. ಮುಖ್ಯಾಧ್ಯಾಪಕರು ಸಜ್ಜನರು, ಕುಳ್ಳಿರಿಸಿ ಮಾತನಾಡಿಸಿ, ತರಗತಿಯ ಶಿಕ್ಷಕಿಯನ್ನು ಕಾಣಲು ಹೇಳಿದರು. ತರಗತಿಯ ಶಿಕ್ಷಕಿ ಹಿಂದಿ ಕಲಿಸುವವರು. ಗಣಿತದ ವಿಷಯ ತಮಗೆ ತಿಳಿಯದೆಂದು ಸೂಪರ್‌ವೈಸರರ ಕೋಣೆಯನ್ನು ತೋರಿಸಿದರು. ಸೂಪರ್‌ವೈಸರರು ವೇಳಾಪತ್ರಿಕೆಯ ದೊಡ್ಡ ಹಾಳೆಯ ಮೇಲೆ ಬಾಗಿ, ಯಾವ ಶಿಕ್ಷಕರು ರಜೆ, ಯಾರನ್ನು ಯಾವ ತರಗತಿಗೆ ಕಳುಹಿಸಬೇಕು ಎಂಬ ಲೆಕ್ಕದಲ್ಲಿದ್ದರು. ಬೀಜಗಣಿತವನ್ನು ಒಬ್ಬರೂ ಭೂಮಿತಿಯನ್ನು ಇನ್ನೊಬ್ಬರೂ ಕಲಿಸಿದ್ದರಂತೆ. ಮೊದಲನೆಯವರು ವರ್ಷದ ನಡುವೆ ಕೆಲಸ ಬಿಟ್ಟರು. ಅವರ ಸ್ಥಾನಕ್ಕೆ ಬಂದವರಿಗೆ ಎಲ್ಲಿಯವರೆಗೆ ಪಾಠ ನಡೆದಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಮಕ್ಕಳ ನೋಟುಪುಸ್ತಕ ನೋಡಿ ಅಂದಾಜಿನ ಮೇಲೆ ಮುಂದುವರಿಸಿದರು.

ನಾಲ್ಕು ಬಾಗಿಲು ತಟ್ಟಿ ಬಂದ ಆ ಬಂಧುಗಳು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಶಾಲೆಗೆ ಮುಖ್ಯಾಧ್ಯಾಪಕರು ಯಜಮಾನರು, ಸರಿ. ತರಗತಿಗೆ ಟೀಚರ್ ಯಜಮಾನರು, ಅದೂ ಸರಿ. ಗಣಿತಕ್ಕೆ ಯಜಮಾನರು ಯಾರು ಸ್ವಾಮಿ?"

ಆ ಕ್ಷಣಕ್ಕೆ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಯ ಬಸ್ಸು ಹತ್ತಿದವರು ನಾವು, ವಿದ್ಯಾಶಾಸ್ತ್ರದ ಪಂಡಿತರಲ್ಲ. ಆದರೆ ಆ ಪ್ರಶ್ನೆಯ ಮರ್ಮ ನಮಗೆ ತಿಳಿಯಿತು. ಪತ್ರಿಕೆಯ ಕುರ್ಚಿಗೆ ಬರುವ ಮೊದಲು ಹಲವು ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತ ನಮಗೆ ಇಂಥದೇ ಒಂದು ಪ್ರಶ್ನೆ ಸಾಂಬಾರಿನ ರೂಪದಲ್ಲಿ ಎದುರಾಗಿತ್ತು.

ಬೆಳಗಿನ ಪಾಳಿಗೆ ಒಬ್ಬರು ಭಟ್ಟರು, ಸಂಜೆಯ ಪಾಳಿಗೆ ಇನ್ನೊಬ್ಬರು. ಇಬ್ಬರೂ ಕೈ ತಿಳಿದವರೇ. ಆದರೂ ಬೆಳಗ್ಗೆ ಇಡ್ಲಿಯೊಂದಿಗೆ ತಿಂದ ಸಾಂಬಾರು ಸಂಜೆಗೆ ಬೇರೊಂದು ಮನೆಯದಾಗಿರುತ್ತಿತ್ತು. ಗಿರಾಕಿಗಳು ಆಡಿಕೊಂಡರು. ಗಲ್ಲೆಯ ಮೇಲೆ ಕುಳಿತ ನಮಗೆ ಹಣದ ಲೆಕ್ಕ ತಿಳಿಯುತ್ತಿತ್ತೇ ಹೊರತು ಹುಳಿ ಎಲ್ಲಿ ಹೆಚ್ಚಾಯಿತೆಂದು ತಿಳಿಯುತ್ತಿರಲಿಲ್ಲ. ಕಡೆಗೆ ಹಿರಿಯ ಭಟ್ಟರನ್ನು ಇಬ್ಬರ ಮೇಲೂ ಮುಖ್ಯರೆಂದು ನೇಮಿಸಿ ಉಗ್ರಾಣದ ಬೀಗದ ಕೈಯನ್ನು ಅವರ ಕೈಯಲ್ಲಿಟ್ಟೆವು. ಆಗಿದ್ದೇನು? ಅವರು ದಿನವೆಲ್ಲ ಬೇಳೆ ಅಳೆಯುವುದರಲ್ಲಿ, ತೆಂಗಿನಕಾಯಿ ಎಣಿಸುವುದರಲ್ಲಿ ಕಳೆದರು. ಸಾಂಬಾರು ಮಾತ್ರ ಹಿಂದಿನಂತೆಯೇ ಇತ್ತು. ತಪ್ಪು ನಮ್ಮದೆಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಉಗ್ರಾಣದ ಲೆಕ್ಕವನ್ನು ಬೇರೆಯವರಿಗೆ ವಹಿಸಿ, "ಎರಡೂ ಪಾಳಿಯ ಅಡಿಗೆಯ ರುಚಿ ನೋಡಿ, ಸಂಗಡ ನಿಂತು ತಿದ್ದಿ" ಎಂದೆವು. ಆಗ ಇನ್ನೊಬ್ಬರು ಭಟ್ಟರು ಮುನಿದರು: "ನನ್ನ ಕೈರುಚಿ ನೋಡಲಿಕ್ಕೆ ಅವರು ಯಾರು?"

ಶಾಲೆಯ ವಿಚಾರವನ್ನು ಅಲ್ಲಲ್ಲಿ ಓದಿ ತಿಳಿಯಲು ಹೊರಟಾಗ, ಇದೇ ಕಥೆ ಇಂಗ್ಲೆಂಡಿನ ಮಾಧ್ಯಮಿಕ ಶಾಲೆಗಳಲ್ಲಿ ಎಪ್ಪತ್ತು ವರ್ಷಗಳ ಕಾಲ ನಡೆದಿರುವುದನ್ನು ಕಂಡು ನಾವು ಬೆರಗಾದೆವು. ಅಲ್ಲಿ ಒಂದೊಂದು ವಿಷಯದ ಶಿಕ್ಷಕರೆಲ್ಲ ಸೇರಿ ಒಂದು ವಿಭಾಗ. ಅದಕ್ಕೊಬ್ಬ ವಿಭಾಗ ಮುಖ್ಯಸ್ಥರು. ನಮ್ಮ ಹೈಸ್ಕೂಲಿನ ಪದ್ಧತಿ, ಮೆಟ್ರಿಕ್ ಪರೀಕ್ಷೆ, ಗಂಟೆ ಬಾರಿಸಿ ತರಗತಿ ಬದಲಿಸುವ ಕ್ರಮ ಇವೆಲ್ಲವೂ ಆ ದೇಶದ ಅಚ್ಚಿನಲ್ಲಿ ಎರಕ ಹೊಯ್ದವು. ಅಚ್ಚು ಅಲ್ಲಿ ಬದಲಾಯಿತು; ಎರಕ ಇಲ್ಲಿ ಹಾಗೆಯೇ ಉಳಿಯಿತು. ಆದುದರಿಂದ ಆ ಕಥೆಯನ್ನು ತುಸು ವಿಸ್ತಾರವಾಗಿ ಹೇಳುವುದು ಅವಶ್ಯವೆಂದು ಭಾವಿಸುತ್ತೇವೆ.

1944ರ ಶಿಕ್ಷಣ ಕಾಯಿದೆಯಿಂದ ಆ ದೇಶದಲ್ಲಿ ಮಾಧ್ಯಮಿಕ ಶಿಕ್ಷಣವು ಎಲ್ಲ ಮಕ್ಕಳಿಗೂ ಉಚಿತವಾಯಿತು. 1947ರಲ್ಲಿ ಶಾಲೆ ಬಿಡುವ ವಯಸ್ಸು ಹದಿನೈದಕ್ಕೇರಿತು, 1972ರಲ್ಲಿ ಹದಿನಾರಕ್ಕೆ. ಶಾಲೆಗಳು ಬೆಳೆದವು. ಲಂಡನ್ನಿನಲ್ಲಿ 1954ರಲ್ಲಿ ತೆರೆದ ಕಿಡ್‌ಬ್ರೂಕ್ ಎಂಬ ಹೆಣ್ಣುಮಕ್ಕಳ ಶಾಲೆ ಸುಮಾರು ಎರಡು ಸಾವಿರ ವಿದ್ಯಾರ್ಥಿನಿಯರಿಗಾಗಿ ಕಟ್ಟಿದ್ದು. ಜಾಣರಿಗೊಂದು ಶಾಲೆ, ಉಳಿದವರಿಗೊಂದು ಶಾಲೆ ಎಂಬ ಭೇದವನ್ನು ಬಿಟ್ಟು ಎಲ್ಲ ಬಗೆಯ ಮಕ್ಕಳನ್ನೂ ಒಂದೇ ಸೂರಿನಡಿ ತರಬೇಕೆಂದು 1965ರಲ್ಲಿ ಸರಕಾರವು ಸುತ್ತೋಲೆ ಹೊರಡಿಸಿದ ಮೇಲಂತೂ ದೊಡ್ಡ ಶಾಲೆಗಳು ಎಲ್ಲೆಲ್ಲಿಯೂ ತಲೆಯೆತ್ತಿದವು. ಅಂಥ ಶಾಲೆಯಲ್ಲಿ ಗಣಿತ ಕಲಿಸುವವರೇ ಹಲವರು. ಎಲ್ಲ ತರಗತಿಗಳಿಗೂ ಮುಖ್ಯಾಧ್ಯಾಪಕರು ಕಣ್ಣು ಹಾಯಿಸುವುದು ಸಾಧ್ಯವೇ? ಹೀಗೆ ವಿಭಾಗ ಮುಖ್ಯಸ್ಥರ ಸ್ಥಾನಕ್ಕೆ ತೂಕ ಬಂದಿತು. ಸಂಬಳದ ಮೇಲೆ ಭತ್ಯೆಯೂ ಬಂದಿತು.

ಆದರೆ ಕೆಲಸವೇನು? ಪಠ್ಯಪುಸ್ತಕಗಳನ್ನು ತರಿಸುವುದು, ಕಪಾಟಿನ ಬೀಗದ ಕೈ ಇಟ್ಟುಕೊಳ್ಳುವುದು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು, ಮೇಲಿನ ತರಗತಿಗಳ ಜಾಣ ಮಕ್ಕಳನ್ನು ತಾವೇ ತೆಗೆದುಕೊಳ್ಳುವುದು. ವಿಷಯದಲ್ಲಿ ದೊಡ್ಡ ವಿದ್ವಾಂಸರಾದರೆ ಸಾಕು. ಪಕ್ಕದ ಕೋಣೆಯ ಕಿರಿಯ ಶಿಕ್ಷಕರು ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂದು ಇಣುಕಿ ನೋಡುವುದು ಅಸಭ್ಯವೆಂದೇ ಎಣಿಕೆ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗಿನ ರಾಜ್ಯ ಆ ಶಿಕ್ಷಕರದು. ಪಾಠಕ್ರಮವೂ ಹಾಗೆಯೇ, 1960ರಲ್ಲಿ ಅಲ್ಲಿನ ಶಿಕ್ಷಣ ಮಂತ್ರಿ ಡೇವಿಡ್ ಎಕಲ್ಸ್ ಅದನ್ನು ಒಂದು ರಹಸ್ಯ ಉದ್ಯಾನಕ್ಕೆ ಹೋಲಿಸಿದ್ದರು. ನಮ್ಮ ಉಗ್ರಾಣದ ಭಟ್ಟರ ನೆನಪು ಇಲ್ಲಿ ನಮಗೆ ಬಂದುದು ಸಹಜ.

ಆ ಉದ್ಯಾನದ ಗೋಡೆ ಒಡೆಯಲು ಆರಂಭವಾದದ್ದು 1976ರಲ್ಲಿ. ಆಗಿನ ಪ್ರಧಾನಿ ಜೇಮ್ಸ್ ಕ್ಯಾಲಹನ್ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ, ಶಾಲೆಗಳಲ್ಲಿ ಏನು ಕಲಿಸಲಾಗುತ್ತಿದೆ ಎಂದು ಕೇಳುವ ಅಧಿಕಾರ ಹೊರಗಿನವರಿಗೂ ಉಂಟು ಎಂಬ ಮಾತನ್ನು ಎತ್ತಿದರು. ಮುಂದೆ ಪರೀಕ್ಷೆಯ ಫಲಿತಾಂಶಗಳನ್ನು ಶಾಲೆಗಳು ಪ್ರಕಟಿಸಬೇಕೆಂದು 1980ರ ಕಾಯಿದೆ ವಿಧಿಸಿತು. 1988ರ ಕಾಯಿದೆಯಿಂದ ಇಡೀ ದೇಶಕ್ಕೆ ಒಂದೇ ಪಾಠಕ್ರಮ ಬಂದಿತು. 1992ರಲ್ಲಿ ಆಫ್‌ಸ್ಟೆಡ್ ಎಂಬ ತನಿಖಾ ಸಂಸ್ಥೆ ಹುಟ್ಟಿತು. ಶಾಲೆ ಶಾಲೆಗಳ ಫಲಿತಾಂಶದ ಪಟ್ಟಿಗಳು ವರ್ತಮಾನ ಪತ್ರಿಕೆಗಳಲ್ಲಿ ಕ್ರಿಕೆಟ್ಟಿನ ಅಂಕಗಳಂತೆ ಅಚ್ಚಾಗತೊಡಗಿದವು. ಇಷ್ಟಾದ ಮೇಲೆ ಗಣಿತದ ಫಲಿತಾಂಶ ಕುಸಿದರೆ ಉತ್ತರ ಹೇಳಬೇಕಾದವರು ಯಾರು? ಕಪಾಟಿನ ಬೀಗದ ಕೈಯವರೇ! ಬೀಗದ ಕೈಯೊಂದಿಗೆ ಈಗ ಅಂಕಿ ಅಂಶಗಳ ಕಟ್ಟೂ ಅವರ ಕಂಕುಳಿಗೆ ಬಂದಿತು.

1998ರಲ್ಲಿ ಅಲ್ಲಿನ ಶಿಕ್ಷಕರ ತರಬೇತಿ ಸಂಸ್ಥೆಯು ಈ ಹುದ್ದೆಯವರಿಗೆ ರಾಷ್ಟ್ರೀಯ ಮಟ್ಟದ ನಿಯಮಗಳನ್ನು ಬರೆದು ಪ್ರಕಟಿಸಿತು. ಅದರಲ್ಲಿ ಬಳಸಿದ ಹೆಸರೇ ಬೇರೆ: ವಿಷಯದ ನಾಯಕರು. ವಿಷಯವನ್ನು ಮುಂದೆ ಯಾವ ದಾರಿಯಲ್ಲಿ ಒಯ್ಯಬೇಕೆಂದು ನಿರ್ಧರಿಸಬೇಕು. ಬೋಧನೆಯನ್ನೂ ಕಲಿಕೆಯನ್ನೂ ನೋಡಿಕೊಳ್ಳಬೇಕು. ಸಂಗಡಿಗ ಶಿಕ್ಷಕರನ್ನು ನಡೆಸಬೇಕು. ಇರುವ ಜನವನ್ನೂ ಸಾಮಗ್ರಿಯನ್ನೂ ಸರಿಯಾಗಿ ಬಳಸಬೇಕು. ಬೀಗದ ಕೈ ಈ ನಾಲ್ಕರಲ್ಲಿ ಕಡೆಯದಕ್ಕೆ ಇಳಿದುದನ್ನು ಓದುಗರು ಗಮನಿಸಬೇಕು. 2006ರ ಜನವರಿಯಲ್ಲಿ ಭತ್ಯೆಯ ಹೆಸರೂ ಬದಲಾಯಿತು. ಹಿಂದೆ ಅದು ಆಡಳಿತದ ಭತ್ಯೆ. ಈಗ ಬೋಧನೆ ಮತ್ತು ಕಲಿಕೆಯ ಹೊಣೆಗಾಗಿ ಕೊಡುವ ಹಣ. ಕಾಯಿ ಎಣಿಸುವುದಕ್ಕಲ್ಲ, ರುಚಿ ನೋಡುವುದಕ್ಕೆ ಸಂಬಳ ಎಂದು ನಮ್ಮ ಭಾಷೆಯಲ್ಲಿ ಹೇಳಬಹುದು.

ಆದರೆ ಅಲ್ಲಿಯೂ ಎರಡನೆಯ ಭಟ್ಟರು ಮುನಿದರು. ನೈಜೆಲ್ ಬೆನೆಟ್ ಮತ್ತು ಸಂಗಡಿಗರು ಈ ವಿಷಯದಲ್ಲಿ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ಒಂದು ವರದಿ ಬರೆದರು. ವಿಭಾಗ ಮುಖ್ಯಸ್ಥರು ಎರಡು ಕಡೆಯಿಂದಲೂ ಎಳೆಯಲ್ಪಡುತ್ತಾರೆ ಎಂಬುದು ಅದರ ಸಾರ. ಮುಖ್ಯಾಧ್ಯಾಪಕರು ಅವರನ್ನು ಇಡೀ ಶಾಲೆಯ ಆಡಳಿತದ ಕೈಯಾಗಿ ಕಾಣುತ್ತಾರೆ. ಸಂಗಡಿಗರಾದರೋ ಅವರನ್ನು ತಮ್ಮ ವಿಭಾಗದ ಪರವಾಗಿ ವಾದಿಸುವ ವಕೀಲರೆಂದು ತಿಳಿಯುತ್ತಾರೆ. ಮೇಲಿನವರು ಇತರರ ಪಾಠವನ್ನು ಪರಿಶೀಲಿಸಿ ವರದಿ ಕೊಡಿ ಎನ್ನುತ್ತಾರೆ. ದಿನವೂ ಒಂದೇ ಕೋಣೆಯಲ್ಲಿ ಚಹಾ ಕುಡಿಯುವ ಸ್ನೇಹಿತರ ಮೇಲೆ ವರದಿ ಬರೆಯಲು ಅವರ ಕೈ ಏಳುವುದಿಲ್ಲ. ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದವರು ಮೇನೇಜರ್ ಆದ ದಿನ ಈ ಸಂಕಟವನ್ನು ಅನುಭವಿಸಿಯೇ ಇರುತ್ತಾರೆ. ಅವರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ಇದಕ್ಕೆ ಮದ್ದೇನು ಎಂದು ಕೇಳಿದರೆ, ನಮಗೆ ತೋರುವುದು ಒಂದೇ. ಅದು ಸಮಯ. ಮುಖ್ಯಸ್ಥರು ತಾವೂ ತರಗತಿಯಲ್ಲಿ ನಿಂತು ಕಲಿಸುತ್ತಿರಬೇಕು. ಭಟ್ಟಿಯ ಮುಂದೆ ನಿಲ್ಲದ ಭಟ್ಟರ ಮಾತಿಗೆ ಅಡಿಗೆಮನೆಯಲ್ಲಿ ಬೆಲೆಯಿಲ್ಲ. ಅದರ ಮೇಲೆ ಇತರರೊಂದಿಗೆ ಕುಳಿತು ಪಾಠವನ್ನು ಯೋಜಿಸಲು, ಕಿರಿಯರ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನೋಡಲು, ತಮ್ಮ ತರಗತಿಯಲ್ಲಿ ಅವರನ್ನು ಕುಳ್ಳಿರಿಸಿ ತೋರಿಸಲು ವಾರದಲ್ಲಿ ಕೆಲವು ಗಂಟೆಗಳಾದರೂ ಬಿಡುವಿರಬೇಕು. 2005ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಪ್ರತಿಯೊಬ್ಬ ಶಿಕ್ಷಕರಿಗೂ ಬೋಧನಾ ಸಮಯದ ಹತ್ತನೆಯ ಒಂದು ಪಾಲು, ಅಂದರೆ ಹತ್ತು ಗಂಟೆಗೆ ಒಂದು ಗಂಟೆ, ಪಾಠದ ಸಿದ್ಧತೆಗೆಂದೇ ಬಿಡಬೇಕೆಂಬ ನಿಯಮ ಬಂದಿತು. ಮುಖ್ಯಸ್ಥರಿಗೆ ನಾಯಕತ್ವದ ಕೆಲಸಕ್ಕಾಗಿ ಬೇರೆ ಸಮಯ ಕೊಡಬೇಕೆಂದೂ ಒಪ್ಪಂದವಾಯಿತು. ಎಷ್ಟು ಗಂಟೆ ಎಂಬುದನ್ನು ಮಾತ್ರ ಗೊತ್ತುಪಡಿಸಲಿಲ್ಲ. ಲೆಕ್ಕ ಬರೆಯದ ಸಾಲವು ಹೇಗೆ ತೀರುತ್ತದೆಂದು ವ್ಯಾಪಾರಸ್ಥರಿಗೆ ಗೊತ್ತು. 2019ರಲ್ಲಿ ಆಫ್‌ಸ್ಟೆಡ್ ತನ್ನ ತನಿಖೆಯ ಕ್ರಮವನ್ನು ಬದಲಿಸಿದಾಗ, ಅಧಿಕಾರಿಗಳು ನೇರವಾಗಿ ವಿಷಯದ ಮುಖ್ಯಸ್ಥರ ಮುಂದೆ ಕುಳಿತು, ಈ ಪಾಠ ಮೊದಲು ಏಕೆ, ಆ ಪಾಠ ಅನಂತರ ಏಕೆ ಎಂದು ಕೇಳತೊಡಗಿದರು. ಪ್ರಶ್ನೆ ಒಳ್ಳೆಯದೇ. ಉತ್ತರವನ್ನು ಯೋಚಿಸಲು ಬಿಡುವು ಸಿಗಬೇಕಷ್ಟೆ.

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಆಯೋಗವು 1953ರಲ್ಲಿ ಮಾಧ್ಯಮಿಕ ಶಿಕ್ಷಣದ ಮೇಲೆ ವರದಿ ಕೊಟ್ಟಿತು, 1966ರಲ್ಲಿ ಡಾ. ಕೊಠಾರಿಯವರ ಆಯೋಗದ ದೊಡ್ಡ ವರದಿ ಬಂದಿತು. ಆದರೆ ನಮ್ಮ ಸಾಮಾನ್ಯ ಹೈಸ್ಕೂಲುಗಳಲ್ಲಿ ವಿಷಯಕ್ಕೊಬ್ಬ ಮುಖ್ಯಸ್ಥರೆಂಬ ಪದ್ಧತಿ ಬೇರೂರಲಿಲ್ಲ. ಕರ್ನಾಟಕದಲ್ಲಿ ವಿಷಯ ಪರಿವೀಕ್ಷಕರಿದ್ದಾರೆ. ಅವರು ಕುಳಿತುಕೊಳ್ಳುವುದು ಜಿಲ್ಲೆಯ ಉಪನಿರ್ದೇಶಕರ ಕಚೇರಿಯಲ್ಲಿ, ಶಾಲೆಯಲ್ಲಲ್ಲ. ಮಹಾರಾಷ್ಟ್ರದ ಖಾಸಗಿ ಶಾಲೆಗಳಿಗೆ 1977ರ ಕಾಯಿದೆ, 1981ರ ನಿಯಮಾವಳಿ. ಅವುಗಳಲ್ಲಿ ಮುಖ್ಯಾಧ್ಯಾಪಕರು, ಸಹಾಯಕ ಮುಖ್ಯಾಧ್ಯಾಪಕರು, ಸೂಪರ್‌ವೈಸರರು ಎಂಬ ಮೆಟ್ಟಿಲುಗಳಿವೆ; ಏರಲು ಹಿರಿತನವೇ ಮುಖ್ಯ ಆಧಾರ. ಗಣಿತಕ್ಕೆಂದಾಗಲಿ ವಿಜ್ಞಾನಕ್ಕೆಂದಾಗಲಿ ಮೆಟ್ಟಿಲಿಲ್ಲ. ಸೂಪರ್‌ವೈಸರರು ಸಂಸ್ಕೃತದವರೂ ಆಗಿರಬಹುದು, ವ್ಯಾಯಾಮದವರೂ ಆಗಿರಬಹುದು. ಬೀಜಗಣಿತದ ಪಾಠ ಎಲ್ಲಿ ದಾರಿ ತಪ್ಪಿತೆಂದು ಅವರು ಹೇಗೆ ಹೇಳಬಲ್ಲರು?

ಹಾಗಾದರೆ ಆ ಕೆಲಸವನ್ನು ಯಾರೂ ಮಾಡುತ್ತಿಲ್ಲವೇ? ಮಾಡುತ್ತಿದ್ದಾರೆ. ನಮ್ಮ ಗುಮಾಸ್ತ ಬಂಧುಗಳೊಡನೆ ನಾವೂ ಒಂದು ದಿನ ಆ ಶಾಲೆಗೆ ಹೋದೆವು. ಮೂರನೆಯ ಮಾಳಿಗೆಯ ಕೊನೆಯ ಕೋಣೆಯಲ್ಲಿ ಭೂಮಿತಿ ಕಲಿಸುವ ಹಿರಿಯ ಶಿಕ್ಷಕಿಯನ್ನು ಕಂಡೆವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ವರ್ಷವಾರು ದಾರ ಕಟ್ಟಿ ಇಟ್ಟಿದ್ದರು. ಮಕ್ಕಳು ಯಾವ ಲೆಕ್ಕದಲ್ಲಿ ಯಾವ ತಪ್ಪು ಮಾಡುತ್ತಾರೆಂದು ತಮ್ಮ ಕೈಬರಹದಲ್ಲಿ ಒಂದು ಪುಸ್ತಕ ತುಂಬಿಸಿದ್ದರು. ಹೊಸದಾಗಿ ಸೇರಿದವರಿಗೆ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚುತ್ತಲೇ ಪಾಠ ಹೇಳಿಕೊಡುತ್ತಾರೆ. "ಈ ಪುಸ್ತಕವನ್ನು ಹೋದ ವರ್ಷ ಬಂದ ಹೊಸ ಶಿಕ್ಷಕರಿಗೆ ಕೊಡಲಿಲ್ಲವೇ ಅಮ್ಮಾ?" ಎಂದು ನಾವು ಕೇಳಿದೆವು. "ಅವರ ತರಗತಿ ಮಧ್ಯಾಹ್ನದ ಪಾಳಿ, ನನ್ನದು ಬೆಳಗಿನ ಪಾಳಿ. ನಾನು ಇಳಿಯುವಾಗ ಅವರು ಹತ್ತುತ್ತಾರೆ. ಮೆಟ್ಟಿಲ ಮೇಲೆ ನಮಸ್ಕಾರ ಮಾಡುತ್ತೇವೆ," ಎಂದರು. ಅವರಿಗೆ ಹೆಸರಿನ ಹಲಗೆಯಿಲ್ಲ, ಭತ್ಯೆಯಿಲ್ಲ, ಒಂದು ಗಂಟೆಯ ಬಿಡುವೂ ಇಲ್ಲ. ಇದ್ದಿದ್ದರೆ ಒಂಬತ್ತನೆಯ ತರಗತಿಯ ಆ ಮಕ್ಕಳ ಒಂದು ವರ್ಷ ಹಾಳಾಗುತ್ತಿರಲಿಲ್ಲವೆಂದು ನಾವು ನಂಬುತ್ತೇವೆ.

ನಮ್ಮ ಕನ್ನಡ ಮಾಧ್ಯಮದ ಶಾಲೆಗಳ ಸ್ಥಿತಿ ಇನ್ನೂ ಒಂದು ಬಗೆಯದು. ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಆದರೆ ಚಿಕ್ಕ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಶಿಕ್ಷಕರು. ಅವರೇ ದಳವಾಯಿ, ಅವರೇ ಸಿಪಾಯಿ. ಸಂಶಯ ಬಂದರೆ ಕೇಳಲು ಪಕ್ಕದಲ್ಲಿ ಯಾರಿದ್ದಾರೆ? ಮರಾಠಿ ಶಾಲೆಯ ಗಣಿತದವರು ಲೆಕ್ಕ ಹೇಳಿಕೊಟ್ಟಾರು. ಆ ಲೆಕ್ಕವನ್ನು ಕನ್ನಡದಲ್ಲಿ ಮಗುವಿಗೆ ಹೇಗೆ ಬಿಡಿಸಿ ಹೇಳಬೇಕೆಂಬುದು ಕನ್ನಡದಲ್ಲಿ ಕಲಿಸಿ ಪಳಗಿದವರಿಗೇ ಗೊತ್ತು.

ರಾತ್ರಿ ಶಾಲೆಗಳ ಮಾತನ್ನೂ ಇಲ್ಲಿ ಹೇಳದಿರಲಾರೆವು. ಹಗಲು ಮೇಜು ಒರಸಿ ರಾತ್ರಿ ಪುಸ್ತಕ ಹಿಡಿದು ಮೇಲೆ ಬಂದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ. ಹಗಲು ಶಾಲೆಯಲ್ಲಿ ದುಡಿದ ಶಿಕ್ಷಕರು ರಾತ್ರಿ ಅಲ್ಲಿಗೆ ಬಂದು ಕಲಿಸುತ್ತಿದ್ದರು. ಪರೀಕ್ಷೆಯ ಪತ್ರಿಕೆ ತಿದ್ದಿದ ಅನುಭವ, ಹಗಲಿನ ಶಾಲೆಯ ಹೊಸ ಕ್ರಮಗಳು, ಇವೆಲ್ಲ ಅವರ ಚೀಲದಲ್ಲಿ ಬರುತ್ತಿದ್ದವು. 2017ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರವು ಎರಡು ಕಡೆ ಕೆಲಸ ಮಾಡುವವರನ್ನು ರಾತ್ರಿ ಶಾಲೆಗಳಿಂದ ಬಿಡಿಸುವ ಆಜ್ಞೆ ಹೊರಡಿಸಿತು. ಕೆಲಸವಿಲ್ಲದ ಶಿಕ್ಷಕರಿಗೆ ಸ್ಥಾನ ಸಿಗಲಿ ಎಂಬ ವಾದದಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೆ ಹಿರಿಯರು ಹೊರಟಾಗ ಅವರೊಡನೆ ಹೊರಟ ಅನುಭವವನ್ನು ಹಿಂದೆ ಉಳಿದವರಿಗೆ ಒಪ್ಪಿಸುವ ಏರ್ಪಾಡು ಆಜ್ಞೆಯಿಂದ ಆಗುವಂಥದಲ್ಲ. ಹೋಟೆಲಿನಲ್ಲಿಯೂ ಭಟ್ಟರು ಊರಿಗೆ ಹೊರಟರೆ ಎಂಟು ದಿನ ಹೊಸಬರನ್ನು ಸಂಗಡ ನಿಲ್ಲಿಸುತ್ತೇವೆ.

ನಮ್ಮ ಸೂಚನೆ ಹೊಸದೇನಲ್ಲ. ಒಂದು ಹೈಸ್ಕೂಲನ್ನೂ ಅದರ ನೆರೆಯ ಶಾಲೆಗಳನ್ನೂ ಒಂದು ಗುಂಪಾಗಿ ಹೆಣೆದು, ಇರುವ ಜನವನ್ನೂ ಉಪಕರಣಗಳನ್ನೂ ಹಂಚಿಕೊಳ್ಳಬೇಕೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದನ್ನೇ ಪುನಃ ಎತ್ತಿದೆ. ಸರಕಾರದ ಗುಂಪು ಬರುವಾಗ ಬರಲಿ. ಮುಂಬಯಿಯಲ್ಲಿಯೂ ಸುತ್ತಣ ಉಪನಗರಗಳಲ್ಲಿಯೂ ಇರುವ ಕನ್ನಡ ಶಾಲೆಗಳ ಗಣಿತದ ಶಿಕ್ಷಕರು ತಮ್ಮಲ್ಲಿಯೇ ಒಬ್ಬ ಹಿರಿಯರನ್ನು ಆರಿಸಿ, ತಿಂಗಳಿಗೊಮ್ಮೆ ಕುಳಿತರೆ ತಡೆಯುವವರು ಯಾರು? ಯಾವ ಪಾಠ ಯಾವ ತಿಂಗಳು ಮುಗಿಯಬೇಕು, ಮಕ್ಕಳು ಎಲ್ಲಿ ಎಡವಿದರು, ಹೊಸಬರಿಗೆ ಏನು ಕೊಡಬೇಕು, ಇಷ್ಟು ಮಾತನಾಡಿದರೂ ಸಾಕು. ಆಡಳಿತ ಮಂಡಳಿಗಳಲ್ಲಿ ನಮ್ಮ ಹೋಟೆಲ್ ಧನಿಗಳು ಅನೇಕರಿದ್ದಾರೆ. ಶಾಲೆಗೆ ಹೊಸ ಕಮಾನು ಕಟ್ಟಿಸಿ ಹೆಸರು ಕೆತ್ತಿಸುವ ಬದಲು, ಹಿರಿಯ ಶಿಕ್ಷಕರ ವಾರದ ಎರಡು ಗಂಟೆಗಳ ಪಾಠವನ್ನು ನಡೆಸಲು ಇನ್ನೊಬ್ಬರಿಗೆ ಕೊಡಬೇಕಾದ ಸಂಬಳವನ್ನು ಅವರು ವಹಿಸಿಕೊಂಡರೆ, ಆ ಎರಡು ಗಂಟೆ ಇಡೀ ಶಾಲೆಯ ಗಣಿತಕ್ಕೆ ದೊರೆಯುತ್ತದೆ. ಹೀಗೆ ಬರೆದುದಕ್ಕೆ ಕೆಲವರು ನಮ್ಮ ಮೇಲೆ ಮುನಿದಾರು. ಹಿಂದೆ ಕಮಾನಿಗೆ ನಾವೂ ಹಣ ಕೊಟ್ಟವರೇ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಮುಂದಿನ ಪಾಲಕರ ಸಭೆಗೆ ಹೋದಾಗ ಮಗುವಿನ ಅಂಕಗಳನ್ನು ಕೇಳಿ ಹಿಂತಿರುಗಬೇಡಿ. "ಈ ಶಾಲೆಯಲ್ಲಿ ಗಣಿತವನ್ನು ನೋಡಿಕೊಳ್ಳುವವರು ಯಾರು, ಅವರಿಗೆ ವಾರದಲ್ಲಿ ಎಷ್ಟು ಬಿಡುವಿದೆ?" ಎಂದು ವಿನಯದಿಂದ ಕೇಳಿರಿ. ನಮ್ಮ ಗುಮಾಸ್ತ ಬಂಧುಗಳು ಹಾಗೆ ಕೇಳಿದ ಮೇಲೆ ಮುಖ್ಯಾಧ್ಯಾಪಕರು ತುಸು ಯೋಚಿಸಿ, ಮಧ್ಯಾಹ್ನದ ಪಾಳಿಯ ಗಣಿತದವರನ್ನು ಶನಿವಾರ ಒಂದು ಗಂಟೆ ಮೊದಲು ಬರಲು ಹೇಳಿದ್ದಾರೆ. ಹಿರಿಯ ಶಿಕ್ಷಕಿಯನ್ನು ಅದೇ ಗಂಟೆಯಲ್ಲಿ ತರಗತಿಯಿಂದ ಬಿಡಿಸಿದ್ದಾರೆ. ಆ ಕೈಬರಹದ ಪುಸ್ತಕ ಈಗ ಇಬ್ಬರ ನಡುವೆ ಮೇಜಿನ ಮೇಲಿದೆ ಎಂದು ಕೇಳಿದ್ದೇವೆ. ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನೂ ತಿಂಗಳುಗಳಿವೆ.

ಕನ್ನಡ ಶಾಲೆಗಳ ಗಣಿತದ ಶಿಕ್ಷಕರು ಕೂಡಿ ಕುಳಿತುಕೊಳ್ಳಲು ಸ್ಥಳವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ನಮ್ಮ ಕಾರ್ಯಾಲಯದ ಮೇಲಿನ ಕೋಣೆ ಪ್ರತಿ ತಿಂಗಳ ಎರಡನೆಯ ಶನಿವಾರ ಮೂರು ಗಂಟೆಯ ಮೇಲೆ ಖಾಲಿಯಿರುತ್ತದೆ. ಕರಿಹಲಗೆಯೊಂದನ್ನು ತರಿಸಿ ಇಟ್ಟಿದ್ದೇವೆ. ಚಹಾ, ಉಪ್ಪಿಟ್ಟು ನಮ್ಮದು.